ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ವಾಂತಿ-ಭೇದಿ: ಎಲ್ಲಿ ತಡೆಯಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹಳೇ ಹುಬ್ಬಳ್ಳಿಯಲ್ಲಿ ಎಂಟು ಮಂದಿಯ ಮನೆ. ಅತ್ತೆ, ಮಾವ, ನಾನು, ಯಜಮಾನರು, ಮೈದುನ, ನೆಗೆಣ್ಣಿ, ಎರಡನೇ ಕ್ಲಾಸಿನ ನನ್ನ ಮಗ, ನೆಗೆಣ್ಣಿಯ 14 ತಿಂಗಳ ಕೂಸು. ಗುರುವಾರ ರಾತ್ರಿ ಮಗನಿಗೆ ವಾಂತಿ ಶುರುವಾಯಿತು. ಶನಿವಾರ ಬೆಳಗ್ಗೆ ನನಗೆ. ರವಿವಾರ ನೆಗೆಣ್ಣಿಗೆ ಮತ್ತು ಕೂಸಿಗೆ. ಇವತ್ತು ಸೋಮವಾರ, ಯಜಮಾನರಿಗೂ ಮಾವನಿಗೂ ಭೇದಿ ಹಿಡಿದಿದೆ. ಮಾವನಿಗೆ 72 ವರ್ಷ, ಬಿಪಿ, ಸಕ್ಕರೆ ಎರಡೂ ಇವೆ. ಮಗ ಹೊರಗೆ ಮಿರ್ಚಿ ತಿಂದದ್ದೇ ಮೂಲ ಅಂತಾರೆ ಅತ್ತೆ. ಹೊಟ್ಟೆ ಖಾಲಿ ಬಿಡಿ ಅಂತಲೂ ಹೇಳುತ್ತಾರೆ. ಔಷಧಿ ಅಂಗಡಿಯವರು ಆ್ಯಂಟಿಬಯೋಟಿಕ್ ಗುಳಿಗೆ ಕೊಟ್ಟಿದ್ದಾರೆ. ಪಕ್ಕದ ಮನೆಯವರು ಎಲ್ಲರಿಗೂ ಸಲಾಯಿನ್ ಹಚ್ಚಿಸಿ ಅನ್ನುತ್ತಾರೆ. ಮನೆಗೆ ಇರುವುದು ಒಂದೇ ಸಂಡಾಸ. ನಳದ ನೀರು ವಾರಕ್ಕೊಮ್ಮೆ. ಇದನ್ನು ಹೇಗೆ ನಿಲ್ಲಿಸುವುದು?

ಉತ್ತರ: ತಂಗಿ, ಉಳಿದದ್ದೆಲ್ಲ ಆಮೇಲೆ. ಮೊದಲು ಮಾವನವರನ್ನು ಇವತ್ತೇ ದವಾಖಾನೆಗೆ ತೋರಿಸಿ. ಅವರು ಎದ್ದು ಓಡಾಡುತ್ತಿದ್ದರೂ ತೋರಿಸಿ.

ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ಮೈಯಲ್ಲಿ ನೀರು ಕಮ್ಮಿಯಾಗಿದ್ದರೂ "ನನಗೇನೂ ಬ್ಯಾಡವಾ" ಅಂತ ಮಗ್ಗಲು ಹೊರಳಿಸಿ ಮಲಗುತ್ತಾರೆ. ಬಿಪಿಗೆ ಕೊಡುವ ಕೆಲವು ಗುಳಿಗೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ. ಭೇದಿಯಲ್ಲಿ ನೀರು ಹೋಗುತ್ತಿರುವಾಗಲೇ ಆ ಗುಳಿಗೆಯೂ ನೀರು ತೆಗೆದರೆ ಬಿಪಿ ತೀರಾ ಇಳಿಯುತ್ತದೆ, ಕಿಡ್ನಿಗೆ ಹೊಡೆತ ಬೀಳುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನೂ ಇಂಥ ಎರಡು-ಮೂರು ದಿನ ನಿಲ್ಲಿಸಬೇಕಾಗಬಹುದು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಅಂತ ಅವರನ್ನು ನೋಡುವ ವೈದ್ಯರೇ ಹೇಳಬೇಕು. ಇನ್ಸುಲಿನ್ ಇದ್ದರಂತೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹೋಗುವಾಗ ಅವರು ನುಂಗುವ ಗುಳಿಗೆಗಳನ್ನೆಲ್ಲ ಸ್ಟ್ರಿಪ್ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಬಿಳೀ ಗುಳಿಗಿ, ಸಣ್ಣದು" ಅಂದರೆ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಕೂಸು. ಕೊನೆಯ ಸಲ ಯಾವಾಗ ಒಂದಕ್ಕೆ ಹೋಯಿತು ಅಂತ ನೆಗೆಣ್ಣಿಯನ್ನು ಕೇಳಿ. ಆರು ತಾಸು ದಾಟಿದ್ದರೆ ಕಾಯಬೇಡಿ. ಅತ್ತರೆ ಕಣ್ಣೀರು ಬರುತ್ತಿದೆಯಾ? ನಾಲಿಗೆ ಒದ್ದೆ ಇದೆಯಾ? ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಡಿ. ತಕ್ಷಣ ಕೂಡಿಕೊಂಡರೆ ಒಳ್ಳೆಯದು. ಮಡಿಕೆ ಬಿದ್ದ ಹಾಗೆ ನಿಂತು ನಿಧಾನಕ್ಕೆ ಇಳಿದರೆ ನೀರು ಬಹಳ ಕಮ್ಮಿಯಾಗಿದೆ ಅಂತ ಅರ್ಥ. ನಮ್ಮ ಕಡೆ ಹಿರಿಯರು "ನೆತ್ತಿ ಬಿದ್ದೈತಿ" ಅಂತ ಎಣ್ಣೆ ಒತ್ತುತ್ತಾರಲ್ಲ, ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರು ಕಂಡದ್ದು ಸರಿಯೇ. ಮೈಯಲ್ಲಿ ನೀರು ಇಳಿದಾಗ ಕೂಸಿನ ನೆತ್ತಿ ಒಳಗೆ ಹೋಗುತ್ತದೆ. ಆದರೆ ಅದಕ್ಕೆ ಬೇಕಾದದ್ದು ಎಣ್ಣೆಯಲ್ಲ, ನೀರು ಮತ್ತು ಉಪ್ಪು.

ಕೂಸು ಮಂಕಾಗಿ ಕಣ್ಣು ಬಿಡದಿದ್ದರೆ, ಏನು ಕುಡಿಸಿದರೂ ಕಕ್ಕುತ್ತಿದ್ದರೆ, ವಾಂತಿ ಹಸಿರಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ದೊಡ್ಡವರಲ್ಲಿ ಯಾರಿಗಾದರೂ ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಯ ಭೇದಿ ಬಕೆಟ್‌ಗಟ್ಟಲೆ ಹೋಗಿ, ಕಾಲಿನ ಮೀನಖಂಡ ಹಿಡಿದುಕೊಂಡರೂ ಅಷ್ಟೇ ಅವಸರ. ಅದು ಕಾಲರಾ ಇರಬಹುದು.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು ವಾರಗಳನ್ನು ಬರೆದು ಬಹಳ ಒಳ್ಳೆಯದು ಮಾಡಿದಿರಿ. ಗುರುವಾರ ಒಬ್ಬ, ಶನಿವಾರ ಒಬ್ಬರು, ರವಿವಾರ ಇಬ್ಬರು, ಸೋಮವಾರ ಇಬ್ಬರು. ಕೆಟ್ಟ ಊಟ ಅಥವಾ ಕೆಟ್ಟ ನೀರು ಕಾರಣ ಆಗಿದ್ದರೆ ಅದನ್ನು ಉಂಡವರೆಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬೀಳುತ್ತಾರೆ. ಮದುವೆ ಊಟ ಉಂಡ ರಾತ್ರಿ ಇಡೀ ಓಣಿಯೇ ಸಂಡಾಸಕ್ಕೆ ಓಡುವುದು ಹಾಗೆ. ನಿಮ್ಮಲ್ಲಿ ಹಾಗಾಗಿಲ್ಲ. ಒಂದು-ಒಂದೂವರೆ ದಿನ ಬಿಟ್ಟು ಒಬ್ಬೊಬ್ಬರಾಗಿ ಬಿದ್ದಿದ್ದೀರಿ. ಮಲ ಪರೀಕ್ಷೆ ಮಾಡದೆ ಇಂಥದ್ದೇ ವೈರಸ್ ಅಂತ ಯಾರೂ ಹೇಳಲಾಗದು. ಆದರೆ ಈ ನಡಿಗೆ ನೋಡಿದರೆ ನನಗೆ ನೊರೊವೈರಸ್ ನೆನಪಾಗುತ್ತದೆ. ಅದು ಮೈಯೊಳಗೆ ಹೊಕ್ಕ 12ರಿಂದ 48 ತಾಸಿನಲ್ಲಿ ವಾಂತಿ ಶುರುಮಾಡಿಸುತ್ತದೆ, ಒಂದರಿಂದ ಮೂರು ದಿನ ಕಾಡಿಸಿ ಬಿಡುತ್ತದೆ. ಸಣ್ಣ ಮಕ್ಕಳಲ್ಲಿ ರೋಟಾವೈರಸ್ ಕೂಡ ಹೀಗೇ ಹಬ್ಬುತ್ತದೆ, ಆದರೆ ಭೇದಿ ಇನ್ನೂ ಕೆಲವು ದಿನ ಜಾಸ್ತಿ ಎಳೆಯುತ್ತದೆ.

ಹಾಗಾಗಿ ಮಿರ್ಚಿಯ ಮೇಲೆ ತಪ್ಪು ಹೊರಿಸಿ ಮಗನನ್ನು ಬೈಯಬೇಡಿ. ಅವನಿಗೆ ಎಲ್ಲಿಂದ ಬಂತೋ, ಶಾಲೆಯಲ್ಲಿ ಪಕ್ಕದ ಹುಡುಗನಿಂದಲೂ ಬಂದಿರಬಹುದು. ಅವನಿಂದ ನಿಮಗೆ ಬಂದದ್ದು ಮಾತ್ರ ಮಿರ್ಚಿಯಿಂದಲ್ಲ. ಅವನ ವಾಂತಿ ಬಳಿದ ಕೈಯಿಂದ.

ನೊರೊವೈರಸ್‌ಗೆ ಹೆಸರು ಬಂದದ್ದು ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನಿಂದ. 1968ರಲ್ಲಿ ಅಲ್ಲಿನ ಒಂದು ಶಾಲೆಯಲ್ಲಿ ಅರ್ಧದಷ್ಟು ಮಕ್ಕಳು-ಶಿಕ್ಷಕರಿಗೆ ಒಂದೆರಡು ದಿನದಲ್ಲೇ ವಾಂತಿ ಹಿಡಿಯಿತು. ಆಮೇಲೆ ಅವರ ಮನೆಯವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರೂ ಬಿದ್ದರು. ವೈರಸ್ ಕಣ್ಣಿಗೆ ಕಂಡದ್ದು 1972ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಈ ಕಥೆಯಲ್ಲಿ ನನಗೆ ಧೈರ್ಯ ಕೊಡುವುದು ಬೀಳದೆ ಉಳಿದ ಆ ಮೂರನೇ ಎರಡು ಪಾಲು ಮನೆಯವರು. ಒಂದೇ ಸೂರಿನಡಿ ಇದ್ದೂ ಅವರು ಉಳಿದರು. ನಿಮ್ಮಲ್ಲೂ ಅತ್ತೆ, ಮೈದುನ ಇನ್ನೂ ಗಟ್ಟಿಯಾಗಿದ್ದಾರೆ ಅಲ್ವಾ? ಅವರನ್ನು ಉಳಿಸಿಕೊಳ್ಳೋಣ.

ಇದು ಇಷ್ಟು ಸಲೀಸಾಗಿ ಹಬ್ಬುವುದು ಯಾಕೆ ಅಂದರೆ, ನೂರಕ್ಕಿಂತ ಕಮ್ಮಿ ಕಣಗಳು ಬಾಯಿಗೆ ಹೋದರೂ ಸಾಕು. ಒಂದು ಸಲ ವಾಂತಿಯಾದರೆ ಹೊರಗೆ ಬರುವುದು ಲೆಕ್ಕವಿಲ್ಲದಷ್ಟು ಕೋಟಿ. ಹನಿ ಸಿಡಿದು ಮಂಚದ ಕಾಲಿಗೆ, ಚಾಪೆಗೆ, ಗೋಡೆಗೆ ಕೂಡುತ್ತದೆ. ಸಂಡಾಸದ ಚಿಲಕ, ನಳದ ತಿರುಪು, ಬಕೆಟ್ಟಿನ ಹಿಡಿಕೆ, ಚರಿಗೆಯ ಅಂಚು, ಮೊಬೈಲು ಎಲ್ಲದರ ಮೇಲೂ ದಿನಗಟ್ಟಲೆ ಕೂತಿರುತ್ತದೆ. ಮುಟ್ಟಿದ ಕೈ ಬಾಯಿಗೆ ಹೋದರೆ ಮುಗಿಯಿತು. ನಾವು ರೊಟ್ಟಿ ಮುರಿಯುವುದು ಕೈಯಲ್ಲಿ, ಅನ್ನ ಕಲಸುವುದು ಕೈಯಲ್ಲಿ.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ನಿಮ್ಮ ಮನೆಯಲ್ಲಿ ಶುಕ್ರವಾರ ಮಗನ ವಾಂತಿ ಬಳಿದವರು ಯಾರು? ಅಂದು ರೊಟ್ಟಿ ಬಡಿದವರು ಯಾರು? ಎರಡಕ್ಕೂ ಉತ್ತರ ನೀವೇ ಅಂತ ನನಗೆ ಗೊತ್ತು, ನೀವು ಬರೆಯದಿದ್ದರೂ. ನಾನು ನೋಡಿದ ಮನೆಗಳಲ್ಲೆಲ್ಲ ಹಾಗೇ. ಕಕ್ಕಿದ್ದನ್ನು ಬಳಿಯುವ ಕೈ, ಕೂಸಿನ ಅಂಡು ತೊಳೆಯುವ ಕೈ, ಹಿಟ್ಟು ನಾದುವ ಕೈ ಒಂದೇ. ಅವಳು ಎಷ್ಟೇ ಶುಚಿಯಾಗಿದ್ದರೂ ದಿನಕ್ಕೆ ಇಪ್ಪತ್ತು ಸಲ ಬಚ್ಚಲು-ಒಲೆ ಅಂತ ಓಡಾಡುವಾಗ ಒಂದು ಸಲ ತಪ್ಪುತ್ತದೆ. ಆ ಒಂದು ಸಲ ಸಾಕು. ಇದು ನಿಮ್ಮ ತಪ್ಪಲ್ಲ ತಂಗಿ. ಎರಡೂ ಕೆಲಸ ಒಬ್ಬಳ ಮೇಲೆ ಬಿಟ್ಟದ್ದು ತಪ್ಪು.

ಇವತ್ತಿನಿಂದ ಈ ಎರಡು ಕೆಲಸ ಬೇರೆ ಮಾಡಿ. ಒಲೆಯ ಮುಂದೆ ಅತ್ತೆ ಒಬ್ಬರೇ ಇರಲಿ. ಅವರಿಗೆ ಇನ್ನೂ ಏನೂ ಆಗಿಲ್ಲ. ಅವರು ಕೂಸನ್ನು ಎತ್ತಿಕೊಳ್ಳುವುದು ಬೇಡ, ಸಂಡಾಸ ತೊಳೆಯುವುದು ಬೇಡ. ಬಳಿಯುವ, ತೊಳೆಯುವ ಕೆಲಸ ಅಡುಗೆಮನೆಗೆ ಕಾಲಿಡದವರದು. ನೀವು ಈಗಾಗಲೇ ಬಿದ್ದು ಎದ್ದವರು, ನಿಮಗೆ ಮೈಯಲ್ಲಿ ಬಲ ಬಂದಿದ್ದರೆ ಆ ಕೆಲಸ ನೀವು ಮಾಡಬಹುದು. ನಿಮ್ಮ ಮೈದುನರೂ ಮಾಡಬಹುದು. ಗಂಡಸರು ಬಳಿಯಬಾರದು ಅಂತ ಎಲ್ಲೂ ಬರೆದಿಲ್ಲ. ಮಾಡುವವರು ಯಾರೇ ಆಗಲಿ, ಅವರು ಹಿಟ್ಟು, ತರಕಾರಿ, ನೀರಿನ ಕೊಡ ಮುಟ್ಟಬಾರದು. ಜನ ಕಮ್ಮಿ ಇದ್ದು ಎರಡನ್ನೂ ಒಬ್ಬರೇ ಮಾಡಲೇಬೇಕಾದರೆ ಅಡುಗೆ ಮೊದಲು, ತೊಳೆಯುವುದು ಆಮೇಲೆ. ಅವತ್ತು ಕೈಯಲ್ಲಿ ಬಡಿಯುವ ರೊಟ್ಟಿ ಬಿಟ್ಟು ಕುಕ್ಕರಿನಲ್ಲಿ ಅನ್ನ, ಬೇಳೆ ಇಡಿ. ಕುದಿದ ಮೇಲೆ ಚಮಚದಲ್ಲೇ ಬಡಿಸಿ.

ಬಳಿಯುವುದಕ್ಕೂ ಒಂದು ರೀತಿ ಇದೆ. ಯಾರಾದರೂ ವಾಂತಿ ಮಾಡಿದ ಕೂಡಲೇ ಉಳಿದವರು ಆ ಕೋಣೆಯಿಂದ ಹೊರಗೆ ಹೋಗಲಿ, ಕಿಟಕಿ ತೆರೆಯಿರಿ. ಬಳಿಯುವವರು ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ಕೈಗವಸು ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಚೀಲ ಕೈಗೆ ಹಾಕಿ ಮಣಿಕಟ್ಟಿಗೆ ಕಟ್ಟಿದರೂ ನಡೆಯುತ್ತದೆ. ನೇರವಾಗಿ ನೀರು ಸುರಿಯಬೇಡಿ. ಸುರಿದರೆ ಅದು ಹರಿದು ಮಂಚದಡಿಗೆ ಹೋಗುತ್ತದೆ. ಕಸಬರಿಗೆ ಅಂತೂ ಬೇಡವೇ ಬೇಡ, ಅದು ಸಿಡಿಸುತ್ತದೆ. ಹಳೇ ಪೇಪರು ಅಥವಾ ಹರಿದ ಬಟ್ಟೆ ಮೇಲೆ ಹಾಸಿ, ಹೀರಿಕೊಳ್ಳಲು ಬಿಡಿ. ಆಮೇಲೆ ಅಂಚಿನಿಂದ ನಡುವಿಗೆ ಒತ್ತುತ್ತಾ ಬಳಿದು, ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಇಷ್ಟಾದ ಮೇಲೆಯೇ ಬ್ಲೀಚಿಂಗ್ ನೀರು. ಹೊಲಸಿನ ಮೇಲೆಯೇ ಬ್ಲೀಚಿಂಗ್ ಸುರಿದರೆ ಅದರ ಶಕ್ತಿ ಹೊಲಸಿನಲ್ಲೇ ಖರ್ಚಾಗುತ್ತದೆ.

ಕಿರಾಣಿ ಅಂಗಡಿಯ ಹೊಸ ಬ್ಲೀಚಿಂಗ್ ಪುಡಿ ಇದ್ದರೆ ಒಂದು ಲೀಟರ್ ನೀರಿಗೆ ಸಮಮಟ್ಟದ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ. ವಾಂತಿ ಬಿದ್ದ ಜಾಗ ಮತ್ತು ಅದರ ಸುತ್ತ ಎರಡು ಮೊಳ ನೆಲಕ್ಕೆ ಇದನ್ನು ಸವರಿ ಹತ್ತು ನಿಮಿಷ ಬಿಡಿ, ಆಮೇಲೆ ಸಾದಾ ನೀರಿನಲ್ಲಿ ಒರೆಸಿ. ಚಿಲಕ, ನಳ, ಬಕೆಟ್ಟಿಗೆ ಇಷ್ಟು ಗಟ್ಟಿ ಬೇಡ. ಇದೇ ನೀರಿನ ಒಂದು ಲೋಟಕ್ಕೆ ನಾಲ್ಕು ಲೋಟ ನೀರು ಕೂಡಿಸಿ, ದಿನಕ್ಕೆ ಎರಡು-ಮೂರು ಸಲ ಒರೆಸಿ. ದಿನಾ ಹೊಸದಾಗಿ ಕಲಸಿ, ನಿನ್ನೆಯದು ಇವತ್ತಿಗೆ ನಂಬಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಒಂದು ಎಚ್ಚರಿಕೆ: ಸಂಡಾಸ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚಿಂಗ್ ಎಂದೂ ಕೂಡಿಸಬೇಡಿ. ಆ ಹೊಗೆ ವಿಷ, ಸಣ್ಣ ಸಂಡಾಸದಲ್ಲಿ ಉಸಿರು ಕಟ್ಟಿಸುತ್ತದೆ. ಫಿನೈಲ್ ವಾಸನೆ ಚಲೋ ಇರುತ್ತದೆ, ಆದರೆ ಈ ವೈರಸ್ ವಿಷಯದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಹಾಗೆಯೇ. ಕೊರೊನಾ ಕಾಲದ ಬಾಟಲಿ ಇನ್ನೂ ಇದೆ ಅಂತ ಅದನ್ನೇ ಉಜ್ಜಿಕೊಂಡು ಸುಮ್ನೆ ಕೂತರೆ ಮೋಸ ಹೋಗುತ್ತೀರಿ. ಇದಕ್ಕೆ ಸೋಪು, ನೀರು, ತಿಕ್ಕುವುದು ಮೂರೂ ಬೇಕು. ಬೆರಳ ಸಂದಿ, ಉಗುರಡಿ ಎಲ್ಲ ಸೇರಿ ಇಪ್ಪತ್ತು ಎಣಿಸುವವರೆಗೆ.

ಹಾಸಿಗೆ, ಬಟ್ಟೆ ಝಾಡಿಸಬೇಡಿ. ಬಿಸಿನೀರಿನಲ್ಲಿ ಸೋಪುಪುಡಿ ಹಾಕಿ ಬೇರೆಯಾಗಿ ಒಗೆದು ಬಿಸಿಲಿಗೆ ಹರವಿ.

ನೀರೇ ವಾರಕ್ಕೊಮ್ಮೆ ಬರುವಾಗ ಇಷ್ಟು ಕೈ ತೊಳೆಯುವುದು ಹೇಗೆ ಅಂತ ನೀವು ಕೇಳಬಹುದು. ನನ್ನ ಮನೆಯಲ್ಲೂ ಅದೇ ಪಾಡು. ಒಂದು ಲೀಟರಿನ ಖಾಲಿ ಬಾಟಲಿ ತೆಗೆದುಕೊಂಡು, ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಮೂರು-ನಾಲ್ಕು ತೂತು ಮಾಡಿ. ನೀರು ತುಂಬಿ, ಸಂಡಾಸದ ಬಾಗಿಲ ಹೊರಗೆ ಮೊಳೆಗೆ ತಲೆಕೆಳಗಾಗಿ ತೂಗುಹಾಕಿ. ಮುಚ್ಚಳ ಸ್ವಲ್ಪ ಸಡಿಲಿಸಿ ಬಾಟಲಿ ಒತ್ತಿದರೆ ಸಣ್ಣಗೆ ನೀರು ಬೀಳುತ್ತದೆ. ಹಳೇ ಕಾಲುಚೀಲದಲ್ಲಿ ಸೋಪು ಹಾಕಿ ಪಕ್ಕದಲ್ಲೇ ಕಟ್ಟಿ. ಕೈ ತೊಳೆಯುವವರು ಹೊಲಸು ಕೈಯಲ್ಲಿ ಬಕೆಟ್ಟಿಗೆ ಚರಿಗೆ ಅದ್ದುವ ಪ್ರಶ್ನೆಯೇ ಇಲ್ಲ. ನೀರೂ ಉಳಿಯುತ್ತದೆ.

ಅದ್ದುವ ಮಾತು ಬಂತು. ಕುಡಿಯುವ ನೀರಿನ ಕೊಡಕ್ಕೆ ನಿಮ್ಮ ಮನೆಯಲ್ಲಿ ಎಂಟು ಮಂದಿ ಒಂದೇ ತಂಬಿಗೆ ಅದ್ದುತ್ತೀರಾ? ಅದ್ದುವಾಗ ಬೆರಳು ನೀರಿಗೆ ತಾಗುತ್ತದೆಯಾ? ಹಾಗಿದ್ದರೆ ಕೊಡದ ಒಳಗಿನ ನೀರು ಎಷ್ಟೇ ಚೊಕ್ಕ ಇದ್ದರೂ ಪ್ರಯೋಜನವಿಲ್ಲ. ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ ತಂದ ಕ್ಯಾನ್ ನೀರಾದರೂ ಅಷ್ಟೇ. ನೀರಲ್ಲಿ ಬಂದದ್ದಲ್ಲ, ತಂಬಿಗೆಯಲ್ಲಿ ಹೋದದ್ದು. ನಳ ಇರುವ ಸ್ಟೀಲ್ ಡ್ರಮ್ ಇದ್ದರೆ ಅದಕ್ಕೆ ತುಂಬಿ. ಇಲ್ಲದಿದ್ದರೆ ಉದ್ದ ಹಿಡಿಯ ಸವಟು ಒಂದನ್ನು ಮೊಳೆಗೆ ತೂಗುಹಾಕಿ, ಅದರಿಂದ ಮಾತ್ರ ತೆಗೆಯಿರಿ. ನೀರು ಕೊಡುವವರು ಅತ್ತೆ ಒಬ್ಬರೇ ಆದರೆ ಇನ್ನೂ ಒಳ್ಳೆಯದು. ಒಬ್ಬೊಬ್ಬರಿಗೂ ಬೇರೆ ಲೋಟ. ಗುರುತಿಗೆ ಬಣ್ಣದ ದಾರ ಕಟ್ಟಿ.

ಈ ಹತ್ತು ದಿನ ಕುಡಿಯುವ ನೀರು ಕುದಿಸಿಯೇ ಕುಡಿಯಿರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ 2008ರಿಂದ ಕೆಲವು ವಾರ್ಡಿಗೆ 24 ತಾಸು ನೀರು ಬರತೊಡಗಿತು, ಉಳಿದವರಿಗೆ ಬಿಟ್ಟು ಬಿಟ್ಟು ಬರುತ್ತಿತ್ತು. ಈ ಎರಡು ಬಗೆಯ ನೀರನ್ನು ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಹೊಲಸು ಜಾಸ್ತಿ ಸಿಕ್ಕಿತು. ಅದರಲ್ಲೂ ನಳ ಬಿಟ್ಟ ಮೊದಲಿನ ನೀರು ಮತ್ತು ಒತ್ತಡ ಕಮ್ಮಿ ಇದ್ದಾಗಿನ ನೀರು ಹೆಚ್ಚು ಕೆಟ್ಟದ್ದು. ಪೈಪು ಖಾಲಿ ಇದ್ದಾಗ ಸುತ್ತಲಿನ ಗಟಾರದ ನೀರು ಬಿರುಕಿನಿಂದ ಒಳಗೆ ಸೇರುತ್ತದೆ. ಅದಕ್ಕೇ ನೀರು ಬಂದ ದಿನ ಮೊದಲ ಕೆಲವು ನಿಮಿಷದ ನೀರನ್ನು ಬಟ್ಟೆ, ನೆಲ, ಸಂಡಾಸಕ್ಕೆ ಹಿಡಿಯಿರಿ. ಕುಡಿಯುವ ಕೊಡ ಆಮೇಲೆ ಇಡಿ. ನಿಮ್ಮ ಓಣಿಯಲ್ಲಿ ನಾಲ್ಕಾರು ಮನೆಗೆ ಒಂದೇ ದಿನ ಭೇದಿ ಹಿಡಿದಿದ್ದರೆ ಮಾತ್ರ ಕಥೆ ಬೇರೆ. ಅದು ಪೈಪಿನ ನೀರೇ ಕೆಟ್ಟ ಸೂಚನೆ. ಆಶಾ ಕಾರ್ಯಕರ್ತೆಗೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಮಹಾನಗರ ಪಾಲಿಕೆಗೆ ಅವತ್ತೇ ತಿಳಿಸಿ.

ಇನ್ನು ಬಿದ್ದವರನ್ನು ಎಬ್ಬಿಸುವ ಮಾತು. ಈ ವೈರಸ್ ಕೊಲ್ಲುವ ಗುಳಿಗೆ ಇಲ್ಲ. ಅಂಗಡಿಯವರು ಕೊಟ್ಟ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ, ವೈರಸ್‌ಗಲ್ಲ. ಅದನ್ನು ನುಂಗಿದರೆ ಭೇದಿ ಇನ್ನೂ ಜಾಸ್ತಿ ಆಗುವುದೂ ಉಂಟು. ಬದಿಗಿಡಿ. ಭೇದಿ ಕಟ್ಟುವ ಗುಳಿಗೆಯನ್ನು ಮಕ್ಕಳಿಗೆ ಕೊಡಲೇಬಾರದು, ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬುತ್ತದೆ. ವಾಂತಿ ನಿಲ್ಲದಿದ್ದರೆ ವೈದ್ಯರು ನೋಡಿ ಒಂದು ಡೋಸ್ ವಾಂತಿಯ ಔಷಧಿ ಕೊಡಬಹುದು. ಅದು ಅವರ ಲೆಕ್ಕ. ಸಲಾಯಿನ್ ಕೂಡ ಹಾಗೆ. ಕುಡಿದದ್ದು ನಿಲ್ಲದವರಿಗೆ, ಮಂಕಾದವರಿಗೆ, ತೀರಾ ಒಣಗಿದವರಿಗೆ ಅದು ಜೀವ ಉಳಿಸುತ್ತದೆ. ಕುಡಿಯಬಲ್ಲವರಿಗೆ ಬಾಯಿಂದ ಕೊಟ್ಟ ಓಆರ್‌ಎಸ್ ಸಾಕು.

ಓಆರ್‌ಎಸ್ ಬಗ್ಗೆ ನಮ್ಮ ಜನರಿಗೆ ಏನೋ ಅಸಡ್ಡೆ. "ಬರೇ ಉಪ್ಪು-ಸಕ್ರಿ ನೀರು" ಅನ್ನುತ್ತಾರೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗ ಕಾಲರಾ ಹಬ್ಬಿತ್ತು. ಸಲಾಯಿನ್ ಬಾಟಲಿಗಳು ಮುಗಿದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್ ಕೂಡಿಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅಲ್ಲಿ ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಭೇದಿಯಾಗುತ್ತಿದ್ದರೂ ಕರುಳು ಗ್ಲೂಕೋಸ್ ಜೊತೆ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ಎರಡೂ ಸರಿಯಾದ ಅಳತೆಯಲ್ಲಿ ಇದ್ದರೆ ಮಾತ್ರ.

ಅಳತೆ ತಪ್ಪಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ತಂದೆ, ಮಗಳ ಮೇಲೆ ಜೀವ ಇಟ್ಟವನು, ಒಂದು ಲೀಟರಿನ ಪೊಟ್ಟಣವನ್ನು ಇಡಿಯಾಗಿ ಒಂದು ಲೋಟ ನೀರಿಗೆ ಕಲಸಿ ಕುಡಿಸಿದ್ದ. ಗಟ್ಟಿ ಇದ್ದರೆ ಬೇಗ ಗುಣ ಆಗುತ್ತದೆ ಅಂದುಕೊಂಡಿದ್ದ. ಮೈಯಲ್ಲಿ ಉಪ್ಪು ಏರಿ ಮಗು ಕಿರಿಕಿರಿ ಮಾಡುತ್ತಾ ನಡುಗುತ್ತಿತ್ತು. ಮೂರು ದಿನ ವಾರ್ಡಿನಲ್ಲಿಟ್ಟು ಸರಿಮಾಡಿದೆವು. ಅದಕ್ಕೆ ಪೊಟ್ಟಣದ ಮೇಲೆ 1 ಲೀಟರಾ, 200 ಮಿಲಿಯಾ ಅಂತ ಓದಿ. ಇಡೀ ಪೊಟ್ಟಣ ಒಂದೇ ಸಲ, ಅಷ್ಟೇ ನೀರಿಗೆ ಕಲಸಿ. ಕುದಿಸಿ ಆರಿಸಿದ ನೀರಾಗಲಿ. ಕಲಸಿದ ಮೇಲೆ ಕುದಿಸಬೇಡಿ, ಸಕ್ಕರೆ ಕೂಡಿಸಬೇಡಿ. 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಪೊಟ್ಟಣ ಪುಕ್ಕಟೆ ಸಿಗುತ್ತದೆ. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಅಂತ ತಿಳಿಯಬೇಡಿ. ಸರಿಯಾದ ಅಳತೆ ಇಲ್ಲದ ಪಾನೀಯದ ಮೇಲೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಹೊರಡಿಸಿದೆ. ಸೋಡಾ, ಬಣ್ಣದ ತಂಪು ಪಾನೀಯ ಬೇಡ. ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ.

"ಕುಡಿಸಿದ್ದೆಲ್ಲಾ ಕಾರಿಕೊಳ್ಳುತ್ತದೆ" ಅನ್ನುವವರಿಗೆ ನಾನು ಒಬ್ಬ ಅಜ್ಜಿಯ ಕಥೆ ಹೇಳುತ್ತೇನೆ. ನಾನು ಇಂಟರ್ನ್ ಇದ್ದ ಕಾಲ. ಮಕ್ಕಳ ವಾರ್ಡ್ ತುಂಬಿ ಮೊಗಸಾಲೆಯಲ್ಲೂ ಹಾಸಿಗೆ ಹಾಕಿದ್ದೆವು. ನವಲಗುಂದದ ಕಡೆಯ ಅಜ್ಜಿ, ಮಡಿಲಲ್ಲಿ ಒಂದು ವರ್ಷದ ಮೊಮ್ಮಗ. ನರ್ಸಕ್ಕ ಅವರ ಕೈಗೆ ಬಟ್ಟಲು, ಚಹಾ ಚಮಚ ಕೊಟ್ಟು ನಿಮಿಷಕ್ಕೊಂದು ಚಮಚ ಅಂದರು. ಅಜ್ಜಿಗೆ ಗಡಿಯಾರ ನೋಡಲು ಬಾರದು. ಚೀಲದಿಂದ ಚುರುಮುರಿ ತೆಗೆದು ಸೆರಗಿನ ಮೇಲೆ ಗುಡ್ಡೆ ಹಾಕಿದರು. ಒಂದು ಚಮಚ ಕುಡಿಸುವುದು, ಒಂದು ಕಾಳು ಆ ಕಡೆಗೆ ಸರಿಸುವುದು, ಮೆಲ್ಲಗೆ ಒಂದು ವಚನ ಅನ್ನುವುದು, ಮತ್ತೆ ಚಮಚ. ಹುಡುಗ ನಡುವೆ ಒಂದು ಸಲ ಕಕ್ಕಿದ. ಅಜ್ಜಿ ಬಾಯಿ ಒರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿದರು. ನಾಲ್ಕು ತಾಸು ಕಳೆಯುವಷ್ಟರಲ್ಲಿ ಹುಡುಗ ಅವರ ಸೀರೆ ಮೇಲೆ ಉಚ್ಚೆ ಹೊಯ್ದ. "ಹೊಯ್ದಾ ನೋಡ್ರಿ ಡಾಕ್ಟ್ರ!" ಅಂತ ಅವರು ಮೊಗಸಾಲೆ ತುಂಬ ಕೇಳುವ ಹಾಗೆ ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಲೆಕ್ಕ ಹಾಕಿ ನೋಡಿ. ಒಂದು ಚಹಾ ಚಮಚ 5 ಮಿಲಿ. ನಿಮಿಷಕ್ಕೊಂದರಂತೆ ತಾಸಿಗೆ 300 ಮಿಲಿ ಒಳಗೆ ಹೋಗುತ್ತದೆ. ಅದನ್ನೇ ಲೋಟದಲ್ಲಿ ಗಟಗಟ ಕುಡಿಸಿದರೆ ಕೆರಳಿದ ಹೊಟ್ಟೆ ಒಮ್ಮೆಗೇ ಹೊರಗೆ ಹಾಕುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ನಿಮ್ಮ ಮಗನಂಥವನಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕಾದಷ್ಟು. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಓಆರ್‌ಎಸ್ ತಪ್ಪಿಸಬೇಡಿ. ಅದರಲ್ಲಿರುವ ಗ್ಲೂಕೋಸ್ ಲೀಟರಿಗೆ 13.5 ಗ್ರಾಂ ಮಾತ್ರ. ಸಕ್ಕರೆ ಮಟ್ಟ ನೋಡಿಕೊಳ್ಳುತ್ತಾ ಕೊಡಿ. ಹೃದಯ, ಕಿಡ್ನಿ ತೊಂದರೆಯೂ ಇದ್ದರೆ ಎಷ್ಟು ಕೊಡಬೇಕು ಅಂತ ವೈದ್ಯರನ್ನು ಕೇಳಿ. ಅತ್ತೆ ಕೂಸಿಗೆ ದೃಷ್ಟಿ ತೆಗೆಯುತ್ತಾರೆ ಅಂದರೆ ತೆಗೆಯಲಿ, ಬೇಡ ಅನ್ನಬೇಡಿ. ಅದು ಅವರ ಪ್ರೀತಿ. ಅಷ್ಟು ಹೊತ್ತು ಚಮಚ ಮಾತ್ರ ನಿಲ್ಲಬಾರದು.

ಹೊಟ್ಟೆ ಖಾಲಿ ಬಿಡುವುದು ಬೇಡ. ಕರುಳು ಮತ್ತೆ ಗಟ್ಟಿಯಾಗಲು ಅದಕ್ಕೂ ಊಟ ಬೇಕು. ವಾಂತಿ ಸ್ವಲ್ಪ ತಡೆದ ಮೇಲೆ ಅಕ್ಕಿ ಗಂಜಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಹೆಸರುಬೇಳೆ ಕಟ್ಟು, ಉಪ್ಪು ಹಾಕಿದ ತಿಳಿ ಮಜ್ಜಿಗೆ, ಬಾಳೆಹಣ್ಣು, ಯಾವುದು ಬಾಯಿಗೆ ಸೇರುತ್ತದೋ ಅದು ಸ್ವಲ್ಪ ಸ್ವಲ್ಪ. ಖಾರ, ಎಣ್ಣೆ ನಾಲ್ಕು ದಿನ ಕಮ್ಮಿ ಇರಲಿ. ಕೂಸಿಗೆ ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಡಿ. ನೆಗೆಣ್ಣಿಗೆ ತಮಗೇ ಭೇದಿ ಇದ್ದರೂ ಕುಡಿಸಬಹುದು, ಹಾಲಿನ ಮೂಲಕ ಈ ವೈರಸ್ ಕೂಸಿಗೆ ಹೋಗುವುದಿಲ್ಲ. ಎತ್ತಿಕೊಳ್ಳುವ ಮೊದಲು ಕೈ ತೊಳೆದರಾಯಿತು. ಅವರಿಗೆ ಕುಡಿಯಲು ದುಪ್ಪಟ್ಟು ಕೊಡಿ.

ಕೂಸಿಗೆ ವೈದ್ಯರ ಹತ್ತಿರ ಜಿಂಕ್ ಕೇಳಿ ಬರೆಸಿಕೊಳ್ಳಿ. ದಿನಕ್ಕೆ 20 ಮಿಲಿಗ್ರಾಂ, ಒಟ್ಟು 14 ದಿನ. ಭೇದಿ ನಿಂತ ಮೇಲೂ 14 ದಿನ ಮುಗಿಸಬೇಕು. ಅದು ಈ ಭೇದಿಯನ್ನು ಬೇಗ ಇಳಿಸುತ್ತದೆ, ಮುಂದಿನ ಎರಡು-ಮೂರು ತಿಂಗಳು ಮತ್ತೆ ಬರುವುದನ್ನೂ ಕಮ್ಮಿ ಮಾಡುತ್ತದೆ. ತಾಯಿ ಕಾರ್ಡ್ ತೆಗೆದು ರೋಟಾವೈರಸ್ ಲಸಿಕೆ ಆಗಿದೆಯಾ ಅಂತಲೂ ನೋಡಿ. 6, 10, 14 ವಾರಕ್ಕೆ ಬಾಯಿಗೆ ಹಾಕುವ ಲಸಿಕೆ ಅದು. 2016ರಿಂದ ಹಂತಹಂತವಾಗಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿದೆ. ನೊರೊವೈರಸ್‌ಗೆ ಲಸಿಕೆ ಇನ್ನೂ ಬಂದಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಅಂತಲೂ ಇಲ್ಲ, ಅದರಲ್ಲಿ ಬಗೆ ಬಹಳ.

ಮಗನನ್ನು ಶಾಲೆಗೆ ಯಾವಾಗ ಕಳಿಸಬೇಕು? ಕೊನೆಯ ವಾಂತಿ ಅಥವಾ ಭೇದಿ ನಿಂತ ಮೇಲೆ ಪೂರ್ತಿ 48 ತಾಸು ಕಳೆಯಲಿ. ಬೇರೆ ತಾಯಂದಿರ ಮನೆಗೂ ಇದೇ ಪಾಡು ಬರಬಾರದಲ್ಲ. ನೀವೂ ಅಷ್ಟೇ, 48 ತಾಸು ಹಿಟ್ಟು ಮುಟ್ಟಬೇಡಿ. ಮಲದಲ್ಲಿ ವೈರಸ್ ಎರಡು ವಾರ, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ದಿನ ಹೋಗುತ್ತಿರುತ್ತದೆ. ಹಾಗಾಗಿ ಕೈ ತೊಳೆಯುವ ಬಾಟಲಿಯನ್ನು ಎಲ್ಲರೂ ಗುಣವಾದ ಮರುದಿನವೇ ಮೊಳೆಯಿಂದ ಇಳಿಸಬೇಡಿ. ನೋಡಲು ಬರುತ್ತೇವೆ ಅನ್ನುವ ನೆಂಟರಿಗೆ ಫೋನಿನಲ್ಲೇ ಬೇಡ ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ, ಕಾರಣ ಹೇಳಿ.

ಈ ವಾರ ನೀರು ಬರುವ ಹಿಂದಿನ ದಿನ, ಕೊಡ, ಡ್ರಮ್ಮುಗಳ ತಳದ ನೀರು ಚೆಲ್ಲಿ. ಮೈದುನರಿಗೆ ಹೇಳಿ, ಒಳಗೆಲ್ಲ ಸೋಪಿನಿಂದ ತಿಕ್ಕಿ, ತಿಳಿ ಬ್ಲೀಚಿಂಗ್ ನೀರು ಸವರಿ, ಚೊಕ್ಕಾಗಿ ತೊಳೆದು, ಹಿತ್ತಲ ಬಿಸಿಲಿಗೆ ಬೋರಲು ಹಾಕಲಿ. ಮಾವನವರ ಪರೀಕ್ಷೆಯಲ್ಲಿ ಏನು ಬಂತು, ಕೂಸು ಇವತ್ತು ಎಷ್ಟು ಸಲ ಒಂದಕ್ಕೆ ಹೋಯಿತು, ಇವೆರಡನ್ನು ನಾಳೆಯೇ ನನಗೆ ತಿಳಿಸಿ.